ಮನೆಯ ಯಂತ್ರಗಳು: ನಿಂತ ಗಾಡಿ ನಡುಗಿದರೆ

ಮುಂಬಯಿಯ ಗ್ಯಾರೇಜುಗಳಲ್ಲಿ ‘ಗಾಡಿ ಮಿಸಿಂಗ್ ಮಾರ್ ರಹೀ ಹೈ’ ಎಂದೊಂದು ಮಾತುಂಟು. ಹುಬ್ಬಳ್ಳಿಯ ಕಡೆ ಇದೇ ಮಾತು ‘ಮಿಸ್ಸಿಂಗ್ ಹೊಡೀಲಿಕ್ಕೆ ಹತ್ತೇದ್ರಿ’ ಎಂದಾಗುತ್ತದೆ. ಮೈಸೂರಿನ ಕಡೆ ‘ಮಿಸ್ಸಿಂಗ್ ಹೊಡೀತಾ ಇದೆ ಸಾರ್’ ಎಂದಾಗುತ್ತದೆ. ಇಂಗ್ಲಿಷ್ ಪಂಡಿತರು ಈ ಪ್ರಯೋಗವನ್ನು ಕೇಳಿದರೆ ಹಣೆ ಬಡಿದುಕೊಂಡಾರು. ಆದರೆ ಇಷ್ಟು ಸೀಮೆಯ ಮೇಸ್ತ್ರಿಗಳು ಕೂಡಿ ಒಪ್ಪಿಕೊಂಡ ಮಾತನ್ನು ತಿದ್ದಲು ನಾವು ಯಾರು? ಈ ಲೇಖನದಲ್ಲಿ ನಾವೂ ಅದನ್ನೇ ಇಟ್ಟುಕೊಳ್ಳುತ್ತೇವೆ.

ಸಿಗ್ನಲ್ಲಿನಲ್ಲಿ ನಿಂತ ಗಾಡಿ ಚಳಿಜ್ವರ ಬಂದವರಂತೆ ನಡುಗುವುದು, ಸ್ಟಿಯರಿಂಗು ಕೈಯಲ್ಲಿ ಕುಣಿಯುವುದು, ಹೊಗೆಕೊಳವೆಯ ಸಮನಾದ ಸದ್ದಿನ ನಡುವೆ ಆಗಾಗ ‘ಫುಸ್’ ಎಂದು ತಾಳ ತಪ್ಪುವುದು, ಆಕ್ಸಿಲರೇಟರ್ ತುಳಿದರೆ ಗಾಡಿ ಮುಗ್ಗರಿಸಿ ಮುಗ್ಗರಿಸಿ ಏಳುವುದು, ಇವೆಲ್ಲ ಆ ಕಾಯಿಲೆಯ ಲಕ್ಷಣಗಳು. ಮಳೆಗಾಲ ಕಾಲಿಟ್ಟ ಮೇಲೆ ಈ ಬಗ್ಗೆ ನಮ್ಮ ಸಂಘದ ಸದಸ್ಯರಿಂದ ಪ್ರಶ್ನೆಗಳು ಬರುತ್ತಲೇ ಇವೆ. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಎರಡನೆಯ ಕೈಯ ಗಾಡಿ. ಮಕ್ಕಳ ಶಾಲೆ, ಹಿರಿಯರ ಆಸ್ಪತ್ರೆ, ವರ್ಷಕ್ಕೊಮ್ಮೆ ಘಟ್ಟ ದಾಟಿ ಊರಿನ ಜಾತ್ರೆ, ಎಲ್ಲಕ್ಕೂ ಅದೊಂದೇ ಆಧಾರ. ಅದು ನಡುಗತೊಡಗಿದರೆ ಮನೆಯ ತಿಂಗಳ ಲೆಕ್ಕವೂ ಅದರೊಡನೆ ನಡುಗುತ್ತದೆ.

ಈ ಕಾಯಿಲೆಯ ವಿಚಾರದಲ್ಲಿ ನಾವು ಹೇಳಬೇಕೆಂದಿರುವುದು ಒಂದೇ. ಯಾವ ಸಿಲಿಂಡರು, ಯಾವ ಸಂದರ್ಭ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಒಂದು ಬಿಡಿಭಾಗವನ್ನೂ ಕೊಳ್ಳಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಚಿಕಿತ್ಸೆ ನಮ್ಮ ನಗರಗಳ ಗ್ಯಾರೇಜುಗಳಲ್ಲಿ ನಡೆಯುವಷ್ಟು ಇನ್ನೆಲ್ಲಿಯೂ ನಡೆಯುವುದಿಲ್ಲ. ಬರೆಗೊಂದು ಬಿಲ್ಲು ಬೇರೆ.

ಮೊದಲು ಒಳಗೆ ನಡೆಯುವುದೇನೆಂದು ನೋಡೋಣ. ಪೆಟ್ರೋಲ್ ಎಂಜಿನ್ನಿನ ಪ್ರತಿಯೊಂದು ಸಿಲಿಂಡರೂ ನಾಲ್ಕು ಕೆಲಸ ಮಾಡುತ್ತದೆ: ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಎಳೆದುಕೊಳ್ಳುವುದು, ಅದನ್ನು ಅದುಮುವುದು, ಕಿಡಿ ತಾಗಿದಾಗ ಉರಿದು ಪಿಸ್ಟನ್ನನ್ನು ತಳ್ಳುವುದು, ಹೊಗೆಯನ್ನು ಹೊರಹಾಕುವುದು. ಈ ನಾಲ್ಕು ಮುಗಿಯಲು ಕ್ರ್ಯಾಂಕು ಎರಡು ಸುತ್ತು ಸುತ್ತಬೇಕು. ಗಾಡಿ ನಿಂತಿರುವಾಗ ಎಂಜಿನ್ನು ನಿಮಿಷಕ್ಕೆ ೮೦೦ ಸುತ್ತು ಸುತ್ತುತ್ತಿದೆ ಎಂದಿಟ್ಟುಕೊಳ್ಳಿ. ಆಗ ಒಂದೊಂದು ಸಿಲಿಂಡರು ನಿಮಿಷಕ್ಕೆ ೪೦೦ ಸಲ ಉರಿಯುತ್ತದೆ. ನಾಲ್ಕೂ ಸೇರಿ ೧೬೦೦ ಸಲ, ಎಂದರೆ ಸೆಕೆಂಡಿಗೆ ಸುಮಾರು ೨೭ ಸಲ. ಇವುಗಳಲ್ಲಿ ಒಂದು ಸಿಲಿಂಡರು ಕೆಲಸ ಬಿಟ್ಟರೆ ಸೆಕೆಂಡಿಗೆ ಆರೇಳು ಪೆಟ್ಟು ಖೋತಾ. ದಾರಿಯಲ್ಲಿ ೩೦೦೦ ಸುತ್ತಿನ ವೇಗದಲ್ಲಿ ಓಡುವಾಗ ಪೆಟ್ಟುಗಳು ಒತ್ತೊತ್ತಾಗಿ ಬೀಳುವುದರಿಂದ ನಡುವಿನ ತೆರಪು ಅಷ್ಟಾಗಿ ತಿಳಿಯುವುದಿಲ್ಲ. ನಿಂತಾಗ ಮಾತ್ರ ಗುಟ್ಟು ರಟ್ಟಾಗುತ್ತದೆ. ನಾಲ್ಕು ಜನ ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಹೆಗಲು ತಪ್ಪಿಸಿದಂತೆ! ಮೂರು ಸಿಲಿಂಡರಿನ ಸಣ್ಣ ಗಾಡಿಗಳಲ್ಲಿ ಒಂದು ಕೆಟ್ಟರೆ ಮೂರರಲ್ಲೊಂದು ಪಾಲು ಬಲವೇ ಹೋಯಿತು. ನಡುಕವೂ ಅಷ್ಟೇ ಹೆಚ್ಚು.

ಉರಿಯಲು ಬೇಕಾದುದು ಮೂರೇ. ಹದವಾದ ಮಿಶ್ರಣ, ಹೊತ್ತಿಗೆ ಸರಿಯಾದ ಕಿಡಿ, ಬಿಗಿಯಾದ ಅದುಮು. ಪೆಟ್ರೋಲು ಒಂದು ತೂಕಕ್ಕೆ ಗಾಳಿ ಹದಿನಾಲ್ಕು ಮುಕ್ಕಾಲು ತೂಕದಷ್ಟು ಇದ್ದರೆ ಹದವೆನ್ನುತ್ತಾರೆ. ಗಾಳಿ ಹೆಚ್ಚಾದರೆ ಹೊತ್ತದು; ಪೆಟ್ರೋಲು ಹೆಚ್ಚಾದರೆ ಹಸಿ ಸೌದೆಯ ಒಲೆಯಂತೆ ಮಸಿ ಕಾರುತ್ತದೆ. ಕಿಡಿಗಾಗಿ ಬ್ಯಾಟರಿಯ ೧೨ ವೋಲ್ಟನ್ನು ಕಾಯಿಲ್ ಎಂಬ ಸುರುಳಿಯು ಇಪ್ಪತ್ತು ಸಾವಿರಕ್ಕೂ ಮೇಲೇರಿಸಿ ಪ್ಲಗ್ಗಿನ ತುದಿಯಲ್ಲಿ, ಒಂದು ಮಿಲಿಮೀಟರಿಗೆ ಅತ್ತಿತ್ತಲಿನ ಸಂದಿಯಲ್ಲಿ, ಹಾರಿಸುತ್ತದೆ. ಅದುಮಿಗೆ ಪಿಸ್ಟನ್ನಿನ ಉಂಗುರಗಳೂ ವಾಲ್ವುಗಳೂ ಸೋರದಂತಿರಬೇಕು. ಮಿಸ್ಸಿಂಗ್ ಎಂಬುದು ಈ ಮೂರರಲ್ಲಿ ಒಂದರ ಕೊರತೆ. ನಾಲ್ಕನೆಯದೊಂದು ಕಾರಣವನ್ನು ಯಾರಾದರೂ ಹೇಳಿದರೆ ಅದನ್ನೂ ಈ ಮೂರರಲ್ಲೇ ಎಲ್ಲಾದರೂ ಸೇರಿಸಬಹುದು.

ಮುಂದೆ ಹೋಗುವ ಮುನ್ನ ಒಂದು ಎಚ್ಚರಿಕೆ. ಇದನ್ನು ಮನೆಯಲ್ಲಿ ಗಾಡಿ ಓಡಿಸುವವರೆಲ್ಲರಿಗೂ ಓದಿ ಹೇಳಿ. ಈಚಿನ ಗಾಡಿಗಳ ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದಿದೆ. ಅದು ಸುಮ್ಮನೆ ಹತ್ತಿಕೊಂಡು ನಿಂತರೆ ಒಂದೆರಡು ದಿನದಲ್ಲಿ ತೋರಿಸಬಹುದು. ಆದರೆ ಅದು ಮಿಣುಕತೊಡಗಿದರೆ, ಎಂದರೆ ಹತ್ತಿ ಆರಿ ಹತ್ತಿ ಆರಿ ಮಾಡಿದರೆ, ಕೂಡಲೇ ಕಾಲನ್ನು ಸಡಿಲಿಸಿ, ನಿಧಾನವಾಗಿ ಪಕ್ಕಕ್ಕೆ ತಂದು ನಿಲ್ಲಿಸಬೇಕು. ಉರಿಯದ ಪೆಟ್ರೋಲು ಹೊಗೆಕೊಳವೆಗೆ ಇಳಿಯುತ್ತಿದೆ ಎಂದು ಅದರ ಅರ್ಥ. ಕೊಳವೆಯಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿಯಿದೆ. ಅದರೊಳಗೆ ಜೇನುಹುಟ್ಟಿನಂಥ ಪಿಂಗಾಣಿ, ಅದರ ಮೈಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಮುಂತಾದ ಬೆಲೆಬಾಳುವ ಲೋಹಗಳ ಲೇಪ. ಸಿಲಿಂಡರಿನಲ್ಲಿ ಉರಿಯಬೇಕಾದ ಪೆಟ್ರೋಲು ಅಲ್ಲಿ ಹೋಗಿ ಉರಿದರೆ ಆ ಜೇನುಹುಟ್ಟು ಕೆಂಪಗೆ ಕಾದು ಕರಗುತ್ತದೆ. ನೂರಾರು ರೂಪಾಯಿಯ ಪ್ಲಗ್ಗಿನ ತಂಟೆಯನ್ನು ಹತ್ತಾರು ಸಾವಿರಕ್ಕೆ ಏರಿಸುವ ಸುಲಭೋಪಾಯವೆಂದರೆ ಮಿಣುಕುವ ದೀಪವನ್ನು ನೋಡಿಯೂ ನೋಡದಂತೆ ಮನೆಯವರೆಗೆ ಓಡಿಸಿಬಿಡುವುದು. ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿಯ ಭಯವೂ ಉಂಟು.

ಇನ್ನು ವಿಚಾರಣೆ. ಕಚೇರಿಯಲ್ಲಿ ಯಾವುದಾದರೂ ಅರ್ಜಿ ಬಂದರೆ ನಾವು ಮೊದಲು ಕೇಳುವುದು ಯಾವ ದಿನಾಂಕದಿಂದ, ಯಾವ ಸಂದರ್ಭದಲ್ಲಿ ಎಂದಷ್ಟೆ. ಗಾಡಿಗೂ ಅದೇ ಕ್ರಮ. ಒಂದು ಸಣ್ಣ ಪುಸ್ತಕವನ್ನು ಗಾಡಿಯಲ್ಲಿಟ್ಟು ಒಂದು ವಾರ ಬರೆದಿಡಿ: ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ನಡುಗುವುದೇ, ಬಿಸಿಯಾದ ಮೇಲೆಯೇ? ಮಳೆಯ ದಿನ ಮಾತ್ರವೇ? ಏ.ಸಿ. ಹಾಕಿದಾಗ ಹೆಚ್ಚೇ? ಪೆಟ್ರೋಲು ತುಂಬಿಸಿದ ಮಾರನೆಯ ದಿನದಿಂದ ಶುರುವಾಯಿತೇ? ಈ ಪುಸ್ತಕ ಮೇಸ್ತ್ರಿಯ ಅರ್ಧ ಕೆಲಸವನ್ನು ಮುಗಿಸುತ್ತದೆ. ಅಲ್ಲದೆ, ಗಾಡಿಯ ಯಜಮಾನ ಲೆಕ್ಕ ಇಡುವವನು ಎಂಬ ಗೌರವವನ್ನೂ ಗ್ಯಾರೇಜಿನಲ್ಲಿ ಹುಟ್ಟಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ನಿಂತಾಗ ನಡುಗುವುದೇ ಅಥವಾ ಏರುವಾಗ ಮುಗ್ಗರಿಸುವುದೇ ಎಂಬುದು. ಇವೆರಡೂ ಒಂದೇ ಕಾಯಿಲೆಯಂತೆ ತೋರಿದರೂ ಮೂಲ ಬೇರೆ. ನಿಂತಾಗ ಸಮನಾಗಿದ್ದು, ಖಂಬಾಟಕಿ ಘಾಟಿನಲ್ಲೋ ಆಂಬೋಲಿಯಲ್ಲೋ ನಾಲ್ಕು ಜನರನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು ಏರುವಾಗ ಗಾಡಿ ಜಗ್ಗಿ ಜಗ್ಗಿ ನಡೆದರೆ, ಸಂಶಯ ಮೊದಲು ಕಿಡಿಯ ಮೇಲೆ, ಆಮೇಲೆ ಪೆಟ್ರೋಲಿನ ಸರಬರಾಜಿನ ಮೇಲೆ. ಭಾರ ಎಳೆಯುವಾಗ ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಕಿಡಿ ಹಾರುವುದು ಕಷ್ಟ. ಮುದಿಯಾದ ಪ್ಲಗ್ಗು, ಬಿರುಕುಬಿಟ್ಟ ಕಾಯಿಲು ಸಮತಟ್ಟಿನಲ್ಲಿ ಹೇಗೋ ಕಾಲಹರಣ ಮಾಡಿ ಘಟ್ಟದಲ್ಲಿ ಕೈಕೊಡುವುದು ಇದರಿಂದಲೇ. ಇದಕ್ಕೆ ವಿರುದ್ಧವಾಗಿ, ನಿಂತಾಗ ನಡುಗಿ, ಓಡುವಾಗ ಸರಿಹೋದರೆ, ಹೆಚ್ಚುಗಾಳಿ ಎಲ್ಲಿಂದಲೋ ನುಸುಳುತ್ತಿದೆ, ಇಲ್ಲವೆ ಗಾಳಿಯ ಬಾಗಿಲಾದ ಥ್ರಾಟಲ್ಲಿನಲ್ಲಿ ಕಿಟ್ಟ ಕಟ್ಟಿದೆ, ಇಲ್ಲವೆ ಯಾವುದೋ ವಾಲ್ವು ಸಣ್ಣಗೆ ಸೋರುತ್ತಿದೆ. ವೇಗ ಹೆಚ್ಚಿದಾಗ ಸೋರಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ದೋಷ ಮುಚ್ಚಿಹೋಗುತ್ತದೆ.

ಮುಂಬಯಿ, ಪುಣೆ, ದೆಹಲಿಯ ನಮ್ಮವರಲ್ಲಿ ಅನೇಕರ ಗಾಡಿಗಳು ಸಿ.ಎನ್.ಜಿ. ಅನಿಲದ ಮೇಲೂ ಓಡುತ್ತವೆ. ಅಂಥವರ ಕೈಯಲ್ಲಿ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಗಾಡಿ ನಡುಗುತ್ತಿರುವಾಗಲೇ ಗುಂಡಿಯನ್ನು ಒತ್ತಿ ಅನಿಲದಿಂದ ಪೆಟ್ರೋಲಿಗೆ, ಪೆಟ್ರೋಲಿನಿಂದ ಅನಿಲಕ್ಕೆ ಬದಲಾಯಿಸಿ ನೋಡಿ. ಒಂದರಲ್ಲಿ ನಡುಗಿ ಇನ್ನೊಂದರಲ್ಲಿ ಸರಿಯಿದ್ದರೆ ದೋಷ ನಡುಗುವ ಇಂಧನದ ದಾರಿಯಲ್ಲಿದೆ: ಅದರ ಇಂಜೆಕ್ಟರು, ಅದರ ಫಿಲ್ಟರು, ಅದರ ಒತ್ತಡ. ಎರಡರಲ್ಲಿಯೂ ಒಂದೇ ರೀತಿ ನಡುಗಿದರೆ ಇಂಧನದ ದಾರಿಗಳು ಬಹುಪಾಲು ನಿರಪರಾಧಿಗಳು. ಎರಡಕ್ಕೂ ಸಾಮಾನ್ಯವಾದ ಕಿಡಿಯನ್ನೂ ಗಾಳಿಯನ್ನೂ ಅದುಮನ್ನೂ ವಿಚಾರಿಸಬೇಕು. ಒಂದು ಮಾತು ನೆನಪಿರಲಿ: ಅನಿಲಕ್ಕೆ ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಪ್ಲಗ್ಗು ಸವೆಯುತ್ತ ಬಂದಾಗ ಮೊದಲು ಅನಿಲದಲ್ಲಿ ಮಿಸ್ಸಿಂಗ್ ಕಾಣಿಸಿಕೊಂಡು ಪೆಟ್ರೋಲಿನಲ್ಲಿ ಕೆಲವು ದಿನ ಸರಿಯಾಗಿಯೇ ಓಡೀತು. ಆದುದರಿಂದ ಅನಿಲದಲ್ಲಿ ಮಾತ್ರ ನಡುಗಿದರೆ ಕಿಟ್ಟನ್ನು ಬೈಯುವ ಮೊದಲು ಪ್ಲಗ್ಗನ್ನು ಬಿಚ್ಚಿ ನೋಡುವುದು ನ್ಯಾಯ.

ಈ ಪರೀಕ್ಷೆಯ ಬೆಲೆ ಎಷ್ಟೆಂಬುದನ್ನು ನಮ್ಮ ಸದಸ್ಯರೊಬ್ಬರ ಉದಾಹರಣೆಯಿಂದ ಹೇಳಬೇಕು. ಅವರು ಠಾಣೆಯ ಆಚೆ ಇರುವವರು. ತಂದೆಯವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೆಳಗಿನ ಐದೂವರೆಗೆ ಆಸ್ಪತ್ರೆಯಲ್ಲಿರಬೇಕು. ಆ ಹೊತ್ತಿಗೆ ರಿಕ್ಷಾ ಸಿಕ್ಕರೂ ಹಿರಿಯರು ಅದರಲ್ಲಿ ಕೂರುವ ಸ್ಥಿತಿಯಲ್ಲಿಲ್ಲ. ಹನ್ನೊಂದು ವರ್ಷದ ಗಾಡಿ, ನಾಲ್ಕು ಸಿಲಿಂಡರು, ಅನಿಲದ ಸಿಲಿಂಡರು ಡಿಕ್ಕಿಯಲ್ಲಿ. ಅದು ನಿಂತಾಗ ನಡುಗತೊಡಗಿತು. ಹತ್ತಿರದ ಗ್ಯಾರೇಜಿನವರು ಮೊದಲು ನಾಲ್ಕೂ ಪ್ಲಗ್ಗುಗಳನ್ನು ಬದಲಾಯಿಸಿದರು. ನಡುಕ ನಿಲ್ಲಲಿಲ್ಲ. ಇಂಜೆಕ್ಟರುಗಳನ್ನು ತೊಳೆದರು. ನಿಲ್ಲಲಿಲ್ಲ. ಪೆಟ್ರೋಲ್ ಪಂಪನ್ನು ಬದಲಾಯಿಸಿದರು. ಆಗಲೂ ನಿಲ್ಲಲಿಲ್ಲ. ಹನ್ನೊಂದು ಸಾವಿರ ಖರ್ಚಾದ ಮೇಲೆ, ‘ಬೋರು ಹೋಗಿದೆ, ಎಂಜಿನ್ ಬಿಚ್ಚಬೇಕು, ನಲವತ್ತೈದು ಸಾವಿರ, ಇಪ್ಪತ್ತು ದಿನ, ಇಲ್ಲವೆ ಗಾಡಿಯನ್ನು ಗುಜರಿಗೆ ಹಾಕಿ’ ಎಂಬ ತೀರ್ಪು ಬಂದಿತು. ಹಣದ ಮಾತು ಹೇಗೋ ಆದೀತು. ಇಪ್ಪತ್ತು ದಿನವೆಂದರೆ ಎಂಟೊಂಬತ್ತು ಸಲ ಆಸ್ಪತ್ರೆ, ಅದಕ್ಕೇನು ಗತಿ?

ಅವರು ಸಂಘದ ಕಚೇರಿಯಲ್ಲಿ ಈ ಮಾತು ತೆಗೆದಾಗ, ಅಲ್ಲಿದ್ದ ನಿವೃತ್ತ ರೈಲ್ವೆ ವರ್ಕ್‌ಷಾಪಿನ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ಅನಿಲದಲ್ಲೂ ನಡುಗುತ್ತದೆಯೋ, ಪೆಟ್ರೋಲಿನಲ್ಲಿ ಮಾತ್ರವೋ?’ ಎರಡರಲ್ಲೂ ಎಂದು ಉತ್ತರ. ‘ಹಾಗಾದರೆ ಪೆಟ್ರೋಲ್ ಪಂಪು ಏನು ತಪ್ಪು ಮಾಡಿತ್ತು?’ ಎಂದರು ಹಿರಿಯರು. ಇಡೀ ಕೋಣೆ ನಕ್ಕಿತು. ಗಾಡಿಯವರು ಮಾತ್ರ ನಗಲಿಲ್ಲ.

ಮಾರನೆಯ ಭಾನುವಾರ ಬೇರೊಬ್ಬ ಮೇಸ್ತ್ರಿಯ ಬಳಿ ಕ್ರಮವಾಗಿ ನೋಡಿದರು. ಗಾಡಿಯ ಸ್ಟಿಯರಿಂಗಿನ ಕೆಳಗೆ ಓ.ಬಿ.ಡಿ. ಎಂಬ ಕಿಂಡಿಯೊಂದಿರುತ್ತದೆ. ಅದಕ್ಕೆ ಓದುಯಂತ್ರವನ್ನು ಸಿಕ್ಕಿಸಿದರೆ ಎಂಜಿನ್ನಿನ ಗಣಕವು ಬರೆದಿಟ್ಟ ದೂರನ್ನು ಸಂಖ್ಯೆಯಲ್ಲಿ ತೋರಿಸುತ್ತದೆ. ಪಿ ೦೩೦೦ ಎಂದರೆ ಅಲ್ಲಿ ಇಲ್ಲಿ ಎಲ್ಲ ಕಡೆ ಮಿಸ್ಸಿಂಗ್. ಪಿ ೦೩೦೧ ಎಂದರೆ ಒಂದನೆಯ ಸಿಲಿಂಡರು, ೦೩೦೨ ಎಂದರೆ ಎರಡನೆಯದು, ಹೀಗೆ. ಗಣಕಕ್ಕೆ ಇದು ಹೇಗೆ ತಿಳಿಯಿತೆಂದರೆ, ಕ್ರ್ಯಾಂಕಿನ ಪಕ್ಕದಲ್ಲೊಂದು ಸೆನ್ಸರು ಕುಳಿತು ಅದರ ವೇಗವನ್ನು ಕ್ಷಣಕ್ಷಣವೂ ಅಳೆಯುತ್ತಿರುತ್ತದೆ. ಪ್ರತಿ ಪೆಟ್ಟಿಗೂ ಕ್ರ್ಯಾಂಕು ಒಂದಿಷ್ಟು ಚುರುಕಾಗಬೇಕು. ಯಾವ ಸಿಲಿಂಡರಿನ ಸರದಿಯಲ್ಲಿ ಚುರುಕಾಗಲಿಲ್ಲವೋ ಅದೇ ಅಪರಾಧಿ. ನಮ್ಮ ಹಳೆಯ ಪಂಡಿತರು ನಾಡಿ ಹಿಡಿದು ಕುಳಿತಂತೆಯೇ. ಇವರ ಗಾಡಿ ಹೇಳಿದ್ದು ಪಿ ೦೩೦೩, ಮೂರನೆಯದು.

ಇಲ್ಲಿಯೇ ಬಹಳ ಜನ ಎಡವುತ್ತಾರೆ. ಸಂಖ್ಯೆಯು ಮೂರನೆಯ ಸಿಲಿಂಡರು ಉರಿಯುತ್ತಿಲ್ಲ ಎಂದು ಹೇಳಿತೇ ಹೊರತು ಮೂರನೆಯ ಕಾಯಿಲು ಕೆಟ್ಟಿದೆ ಎಂದು ಹೇಳಲಿಲ್ಲ. ಮೇಸ್ತ್ರಿ ಅಂಗಡಿಗೆ ಓಡದೆ, ಮೂರನೆಯ ಕಾಯಿಲನ್ನು ಬಿಚ್ಚಿ ಒಂದನೆಯದರ ಮೇಲಿಟ್ಟು, ಒಂದನೆಯದನ್ನು ಮೂರಕ್ಕೆ ತಂದ. ದೂರನ್ನು ಅಳಿಸಿ ಎಂಜಿನ್ನನ್ನು ಓಡಿಸಿದ. ದೋಷ ಕಾಯಿಲಿನದಾಗಿದ್ದರೆ ದೂರು ಅದರ ಬೆನ್ನು ಹತ್ತಿ ೦೩೦೧ ಆಗಬೇಕಿತ್ತು. ಆಗಲಿಲ್ಲ, ಮತ್ತೆ ೦೩೦೩. ಪ್ಲಗ್ಗನ್ನು ಅದೇ ರೀತಿ ಅದಲುಬದಲು ಮಾಡಿದ, ಮತ್ತೆ ೦೩೦೩. ಹಾಗಾದರೆ ಕಿಡಿ ನಿರ್ದೋಷಿ. ಉಳಿದದ್ದು ಅದುಮು. ನಾಲ್ಕೂ ಪ್ಲಗ್ಗುಗಳನ್ನು ತೆಗೆದು, ಕಿಡಿಯನ್ನೂ ಇಂಧನವನ್ನೂ ನಿಲ್ಲಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಸ್ಟಾರ್ಟರಿನಿಂದ ಐದಾರು ಸುತ್ತು ತಿರುಗಿಸಿ ಮಾಪಕವಿಟ್ಟು ನೋಡಿದಾಗ ಒಂದನೆಯದು ೧೬೫, ಎರಡು ೧೭೦, ನಾಲ್ಕು ೧೬೫. ಮೂರನೆಯದು ೯೫ ಮಾತ್ರ. ಸೋರಿಕೆ ಸಿಕ್ಕಿತು.

ಮೊದಲ ಗ್ಯಾರೇಜಿನವರು ಹೇಳಿದ ‘ಬೋರು ಹೋಗಿದೆ’ ಎಂಬ ಮಾತು ಈಗ ನಿಜವಾಗಬಹುದಾಗಿತ್ತು. ಅದನ್ನೂ ಪರೀಕ್ಷಿಸುವ ಉಪಾಯ ಒಂದು ಚಮಚ ಎಂಜಿನ್ ಎಣ್ಣೆ. ಪ್ಲಗ್ಗಿನ ರಂಧ್ರದಿಂದ ಅದನ್ನು ಒಳಗೆ ಸುರಿದು ಮತ್ತೆ ಅಳೆದರೆ, ಸೋರಿಕೆ ಉಂಗುರಗಳಲ್ಲಿದ್ದ ಪಕ್ಷದಲ್ಲಿ ಎಣ್ಣೆ ಸಂದಿಯನ್ನು ಮುಚ್ಚಿ ಮಾಪಕದ ಮುಳ್ಳು ಏರುತ್ತದೆ. ವಾಲ್ವಿನಲ್ಲಿದ್ದರೆ ಎಣ್ಣೆ ಅಲ್ಲಿಗೆ ತಲಪದು, ಮುಳ್ಳು ಇದ್ದಲ್ಲೇ ಇರುತ್ತದೆ. ಇಲ್ಲಿ ೯೫ ಇದ್ದದ್ದು ೧೦೦ ಆಯಿತು, ಅಷ್ಟೆ. ಆಮೇಲೆ ಮೂರನೆಯ ಸಿಲಿಂಡರಿನ ಎರಡು ವಾಲ್ವುಗಳೂ ಮುಚ್ಚಿರಬೇಕಾದ ಸ್ಥಾನಕ್ಕೆ ಎಂಜಿನ್ನನ್ನು ತಿರುಗಿಸಿಟ್ಟು, ಪ್ಲಗ್ಗಿನ ರಂಧ್ರದಿಂದ ಗಾಳಿ ತುಂಬಿಸಿ ಕಿವಿಗೊಟ್ಟರು. ಎಣ್ಣೆಯ ಮುಚ್ಚಳದಲ್ಲಿ ಸುಸ್ಸೆಂದರೆ ಉಂಗುರ. ಗಾಳಿ ಬರುವ ದಾರಿಯಲ್ಲಿ ಸುಸ್ಸೆಂದರೆ ಒಳವಾಲ್ವು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ಡಿನ ಗ್ಯಾಸ್ಕೆಟ್ಟು. ಇಲ್ಲಿ ಸದ್ದು ಬಂದದ್ದು ಹೊಗೆಕೊಳವೆಯ ಬಾಯಿಂದ. ಹೊರವಾಲ್ವು ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ.

ಕಾರಣವೂ ತಿಳಿಯಿತು. ಅನಿಲದ ಮೇಲೆ ಬಹಳ ಓಡಿದ ಎಂಜಿನ್ನಿನಲ್ಲಿ ವಾಲ್ವು ಕುಳಿತುಕೊಳ್ಳುವ ಪೀಠ ಸ್ವಲ್ಪ ಸ್ವಲ್ಪವಾಗಿ ಸವೆದು ವಾಲ್ವು ಮೇಲೆ ಸರಿಯುತ್ತದೆ. ಅದರ ತಲೆಗೂ ಅದನ್ನು ಒತ್ತುವ ಕ್ಯಾಮಿಗೂ ನಡುವೆ ಕೂದಲೆಳೆಯಷ್ಟು ತೆರಪಿರಬೇಕು. ಮೇಸ್ತ್ರಿಗಳು ಇದನ್ನು ಟ್ಯಾಪೆಟ್ ಕ್ಲಿಯರೆನ್ಸ್ ಎನ್ನುತ್ತಾರೆ. ತೆರಪು ಸೊನ್ನೆಯಾದರೆ ಕ್ಯಾಮು ವಾಲ್ವನ್ನು ಸದಾ ಒತ್ತಿಕೊಂಡೇ ಇರುತ್ತದೆ, ಚಿಲಕ ಬೀಳದ ಬಾಗಿಲಿನಂತೆ. ತೆರಪು ಕಡಿಮೆಯಾದರೆ ಸದ್ದೂ ಕಡಿಮೆಯಾಗುವುದರಿಂದ, ಎಂಜಿನ್ನು ಎಂದಿಗಿಂತ ಮೆತ್ತಗಿದೆ ಎಂದು ಯಜಮಾನ ಸಂತೋಷಪಡುವುದೂ ಉಂಟು! ತೆರಪನ್ನು ಅಳೆದು ಸರಿಯಾದ ದಪ್ಪದ ಟ್ಯಾಪೆಟ್ಟುಗಳನ್ನು ಹಾಕಿದ ಮೇಲೆ ಮೂರನೆಯದರ ಅದುಮು ೧೬೦ಕ್ಕೆ ಏರಿತು. ಎರಡು ದಿನ, ನಾಲ್ಕೂವರೆ ಸಾವಿರ. ಆ ಎರಡು ದಿನಗಳಲ್ಲಿ ಆಸ್ಪತ್ರೆಯ ಸರದಿ ಇರಲಿಲ್ಲ. ಇನ್ನೂ ಕೆಲವು ತಿಂಗಳು ಹಾಗೆಯೇ ಓಡಿಸಿದ್ದರೆ ಸೋರುವ ಬಿಸಿ ಹೊಗೆಗೆ ವಾಲ್ವಿನ ಅಂಚು ಸುಟ್ಟುಹೋಗಿ ಹೆಡ್ಡನ್ನೇ ಇಳಿಸಬೇಕಾಗುತ್ತಿತ್ತು. ಅನಿಲದ ಗಾಡಿಯುಳ್ಳವರು ತಮ್ಮ ಗಾಡಿಯ ಕೈಪಿಡಿಯಲ್ಲಿ ಟ್ಯಾಪೆಟ್ಟಿನ ತೆರಪನ್ನು ಎಷ್ಟು ಕಿಲೋಮೀಟರಿಗೆ ನೋಡಬೇಕೆಂದು ಬರೆದಿದೆ ಎಂಬುದನ್ನು ಇಂದೇ ನೋಡಿಕೊಳ್ಳಬೇಕೆಂದು ನಮ್ಮ ವಿನಂತಿ.

ಎಲ್ಲ ನಡುಕವೂ ಇಷ್ಟು ಆಳಕ್ಕೆ ಹೋಗುವುದಿಲ್ಲ. ಹತ್ತರಲ್ಲಿ ಬಹಳಷ್ಟು ಪ್ಲಗ್ಗಿನಲ್ಲೋ ಕಾಯಿಲಿನಲ್ಲೋ ಮುಗಿಯುತ್ತವೆ. ಬಿಚ್ಚಿದ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲೇ ಒಂದು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಡಿಸಿ ನೋಡಿ. ತುದಿ ತಿಳಿ ಕಂದುಬಣ್ಣಕ್ಕಿದ್ದರೆ ಆರೋಗ್ಯ. ಒಣ ಕಪ್ಪು ಮಸಿಯಾದರೆ ಪೆಟ್ರೋಲು ಹೆಚ್ಚು. ಎಣ್ಣೆಯ ಜಿಡ್ಡಿದ್ದರೆ ಉಂಗುರ ಅಥವಾ ವಾಲ್ವಿನ ಸೀಲು. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚು ಅಥವಾ ಅತಿಶಾಖ. ಪೆಟ್ರೋಲಿನಲ್ಲಿ ನೆನೆದು ಬಂದರೆ ಅಲ್ಲಿ ಕಿಡಿಯೇ ಹಾರುತ್ತಿಲ್ಲ. ನಾಲ್ಕರಲ್ಲಿ ಮೂರು ಒಂದು ಬಗೆ, ಒಂದು ಇನ್ನೊಂದು ಬಗೆ ಇದ್ದರೆ ಅದೇ ನಿಮ್ಮ ಸಿಲಿಂಡರು. ಪ್ಲಗ್ಗು ಕುಳಿತಿರುವ ಬಾವಿಯಲ್ಲಿ ಎಣ್ಣೆ ನಿಂತಿದೆಯೇ ಎಂದೂ ಇಣುಕಿ ನೋಡಬೇಕು. ಮೇಲಿನ ಮುಚ್ಚಳದ ಗ್ಯಾಸ್ಕೆಟ್ಟು ಒಡೆದು ಎಣ್ಣೆ ಇಳಿದರೆ ಕಾಯಿಲಿನ ರಬ್ಬರು ಕೊಳೆತು ಕಿಡಿ ಪಕ್ಕಕ್ಕೆ ಹಾರುತ್ತದೆ. ಕಾಯಿಲನ್ನು ಬದಲಾಯಿಸಿ ಗ್ಯಾಸ್ಕೆಟ್ಟನ್ನು ಬಿಟ್ಟರೆ ಹೊಸ ಕಾಯಿಲಿಗೂ ಅದೇ ಗತಿ.

ಮಳೆಗಾಲದ ಮಿಸ್ಸಿಂಗಿಗೆ ಈ ರಬ್ಬರುಗಳೇ ಮೂಲ. ಪ್ಲಗ್ಗಿಗೆ ತಂತಿ ಹೋಗುವ ಹಳೆಯ ಮಾದರಿಯ ಗಾಡಿಗಳಲ್ಲಿ ರಾತ್ರಿ ಕತ್ತಲಲ್ಲಿ ಬಾನೆಟ್ಟನ್ನು ಎತ್ತಿ ಎಂಜಿನ್ನನ್ನು ಓಡಿಸಿದರೆ, ಬಿರುಕಿನಿಂದ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ನೋಡಿ ಆನಂದಿಸಿ, ಕೈ ಮಾತ್ರ ಹಾಕಬೇಡಿ. ೨೦೨೩ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ನಿವೃತ್ತವಾದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಚಾಲಕರು ಜುಲೈ ತಿಂಗಳಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದು ಒಣಬಟ್ಟೆಯಿಂದ ಒರೆಸುತ್ತಿದ್ದುದನ್ನು ನಮ್ಮಲ್ಲಿ ನೋಡದವರಾರು? ಒರೆಸಿ, ಎರಡು ಬೈಗುಳ ಸೇರಿಸಿದರೆ ಗಾಡಿ ಹೊರಡುತ್ತಿತ್ತು. ಈಗಿನ ಗಾಡಿಗಳಿಗೆ ಆ ಮುಚ್ಚಳವೂ ಇಲ್ಲ, ಬೈಗುಳವೂ ತಾಗದು. ಇನ್ನೊಂದು ಶತ್ರು ಇಲಿ. ಮಳೆಯಲ್ಲಿ ಬೆಚ್ಚಗಿನ ಎಂಜಿನ್ನಿನ ಮೇಲೆ ಸಂಸಾರ ಹೂಡಿ ಇಂಜೆಕ್ಟರಿನ ತಂತಿಯನ್ನು ಕಡಿದುಹಾಕುತ್ತದೆ. ರಾತ್ರಿ ಸರಿಯಿದ್ದ ಗಾಡಿ ಬೆಳಗಾಗುವಷ್ಟರಲ್ಲಿ ಮಿಸ್ಸಿಂಗ್ ಹೊಡೆದರೆ ಮೊದಲು ಕಡಿದ ತಂತಿ, ಹಿಕ್ಕೆ ಇವೆಯೇ ನೋಡಿ. ಆಮೇಲೆ ಮಿಕ್ಕ ವಿಚಾರ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ೨೦೨೫ರಿಂದ ನಮ್ಮ ಪಂಪುಗಳಲ್ಲಿ ಸಾಮಾನ್ಯವಾಗಿ ಸಿಗುತ್ತಿರುವುದು ಶೇಕಡಾ ೨೦ ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿಗೆ ನೀರಿನ ಮೇಲೆ ಬಲು ಪ್ರೀತಿ. ಟ್ಯಾಂಕಿಗೆ ಮಳೆನೀರು ಸೇರಿದರೆ, ಒಂದು ಮಿತಿಯವರೆಗೆ ತನ್ನಲ್ಲಿ ಬೆರೆಸಿಕೊಂಡು, ಮಿತಿ ಮೀರಿದಾಗ ನೀರಿನೊಡನೆ ತಾನೂ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಪಂಪು ಎಳೆಯುವುದು ತಳದಿಂದಲೇ. ತಿಂಗಳುಗಟ್ಟಲೆ ನಿಲ್ಲಿಸಿ ಊರಿಗೆ ಹೋಗುವವರು ಟ್ಯಾಂಕಿನ ಮುಚ್ಚಳದ ರಬ್ಬರು ಬಿಗಿಯಾಗಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಕಳ್ಳಗಾಳಿ. ಎಂಜಿನ್ನು ಗಾಳಿ ಎಳೆದುಕೊಳ್ಳುವ ದಾರಿಗೆ ಹತ್ತಾರು ರಬ್ಬರು ಕೊಳವೆಗಳು ಸೇರಿಕೊಂಡಿವೆ. ಹತ್ತು ವರ್ಷದಲ್ಲಿ ಅವು ಗಟ್ಟಿಯಾಗಿ ಬಿರಿಯುತ್ತವೆ. ಅಳತೆಗೆ ಸಿಗದ ಗಾಳಿ ಆ ಬಿರುಕಿನಿಂದ ಒಳಹೊಕ್ಕು ಹದವನ್ನು ಕೆಡಿಸುತ್ತದೆ. ಓದುಯಂತ್ರದಲ್ಲಿ ಪಿ ೦೧೭೧ ಎಂಬ ಸಂಖ್ಯೆ ಜೊತೆಗಿದ್ದರೆ ಈ ಸಂಶಯ ಬಲವಾಗುತ್ತದೆ. ಕೆಲವು ಮೇಸ್ತ್ರಿಗಳು ಓಡುವ ಎಂಜಿನ್ನಿನ ಮೇಲೆ ಹೊತ್ತಿಕೊಳ್ಳುವ ದ್ರಾವಣವನ್ನು ಸಿಂಪಡಿಸಿ ಪತ್ತೆಮಾಡುತ್ತಾರೆ. ಕಾದ ಹೊಗೆಕೊಳವೆಯ ಪಕ್ಕದಲ್ಲಿ ಈ ವಿದ್ಯೆ ನಮಗೆ ಸ್ವಲ್ಪವೂ ಹಿಡಿಸದು. ಎಂಜಿನ್ನನ್ನು ನಿಲ್ಲಿಸಿ, ದಾರಿಯೊಳಕ್ಕೆ ಹೊಗೆ ತುಂಬಿಸಿ ಎಲ್ಲಿಂದ ಹೊರಬರುವುದೆಂದು ನೋಡುವ ಯಂತ್ರ ದೊಡ್ಡ ಗ್ಯಾರೇಜುಗಳಲ್ಲಿದೆ, ಅದೇ ಮೇಲು. ಈ ಕೊಳವೆಗಳಲ್ಲಿ ಒಂದು ಬ್ರೇಕಿನ ಬೂಸ್ಟರಿಗೆ ಹೋಗುತ್ತದೆ. ಅದು ಸೋರಿದರೆ ನಡುಕದೊಡನೆ ಬ್ರೇಕಿನ ಬಲವೂ ಕುಂದುತ್ತದೆ. ಎಂಜಿನ್ ನಿಲ್ಲಿಸಿ ಬ್ರೇಕನ್ನು ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾಗುತ್ತದೆ; ಹಾಗೆಯೇ ತುಳಿದುಕೊಂಡು ಸ್ಟಾರ್ಟ್ ಮಾಡಿದರೆ ಪೆಡಲು ಕಾಲಡಿಯಲ್ಲಿ ಒಂದಿಷ್ಟು ಇಳಿಯಬೇಕು. ಇಳಿಯದಿದ್ದರೆ ಆ ಗಾಡಿಯಲ್ಲಿ ಘಟ್ಟ ಇಳಿಯುವ ಮಾತನ್ನು ಬಿಟ್ಟುಬಿಡಿ.

ಥ್ರಾಟಲ್ಲಿನ ಕಿಟ್ಟದ ವಿಷಯ ಚಿಕ್ಕದು. ತೊಳೆಸಿದರೆ ಸಾಕು. ಆದರೆ ತೊಳೆದ ಮೇಲೆ ಕೆಲವು ಗಾಡಿಗಳ ಗಣಕಕ್ಕೆ ಹೊಸದಾಗಿ ಪಾಠ ಹೇಳಿಸಬೇಕು. ಇಲ್ಲವಾದರೆ ಅದು ಹಳೆಯ ಅಳತೆಯನ್ನೇ ಹಿಡಿದುಕೊಂಡು ಏರಿಳಿಯುತ್ತಿರುತ್ತದೆ. ಸ್ಕೂಟರು, ಮೋಟಾರ್ ಸೈಕಲ್ಲುಗಳದ್ದು ಇನ್ನೂ ಚಿಕ್ಕದು: ಹೆಚ್ಚಿನವುಗಳಲ್ಲಿ ಇರುವುದು ಒಂದೇ ಸಿಲಿಂಡರಾದ್ದರಿಂದ ಹುಡುಕಾಟವೂ ಒಂದೇ ಕಡೆ.

ಗ್ಯಾರೇಜಿನಲ್ಲಿ ಮಾತನಾಡುವ ಬಗೆಯನ್ನೂ ಹೇಳಬೇಕು. ‘ಪ್ಲಗ್ಗು ಬದಲಾಯಿಸಿಕೊಡಿ’ ಎಂದು ಹೋದರೆ ಅವರು ಪ್ಲಗ್ಗು ಬದಲಾಯಿಸಿಕೊಡುತ್ತಾರೆ, ತಪ್ಪು ಅವರದಲ್ಲ. ‘ನಿಂತಾಗ ನಡುಗುತ್ತದೆ, ಎರಡು ಇಂಧನದಲ್ಲೂ ನಡುಗುತ್ತದೆ, ಕಾರಣ ಹುಡುಕಿಕೊಡಿ, ಹುಡುಕುವುದಕ್ಕೆ ಎಷ್ಟು ಕೊಡಬೇಕು?’ ಎಂದು ಕೇಳಿ. ಹುಡುಕುವ ಕೂಲಿಯನ್ನು ಕೊಡಲು ನಮ್ಮ ಜನ ಹಿಂಜರಿಯುತ್ತಾರೆ. ವಸ್ತು ಕೈಗೆ ಬರದ ಖರ್ಚು ಅವರಿಗೆ ಖರ್ಚೇ ದಂಡ. ಆದರೆ ಮೇಸ್ತ್ರಿಯ ಬುದ್ಧಿಗೆ ಐನೂರು ಕೊಡದವರು ಅವನ ಊಹೆಗೆ ಹತ್ತು ಸಾವಿರ ಕೊಟ್ಟದ್ದನ್ನು ನಾವು ನೋಡಿದ್ದೇವೆ. ಅಳೆದ ಸಂಖ್ಯೆಗಳನ್ನು ಬರೆದು ಕೊಡಿಸಿಕೊಳ್ಳಿ, ತೆಗೆದ ಭಾಗವನ್ನು ಕೇಳಿ ತನ್ನಿ. ಅದಲುಬದಲು ಮಾಡಿ ನೋಡಿದಿರಾ ಎಂಬ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ. ಒಳ್ಳೆಯ ಮೇಸ್ತ್ರಿಗೆ ಈ ಪ್ರಶ್ನೆಯಿಂದ ಸಂತೋಷವಾಗುತ್ತದೆ.

ಪುಣೆಯ ಓದುಗರೊಬ್ಬರು ಕೇಳಿದ ಪ್ರಶ್ನೆಗೆ ಇಲ್ಲಿಯೇ ಉತ್ತರ ಕೊಡುತ್ತೇವೆ. ಅವರ ಗಾಡಿ ಗೇರು ತಾನಾಗಿಯೇ ಬದಲಾಗುವ ಮಾದರಿಯದು. ಸಿಗ್ನಲ್ಲಿನಲ್ಲಿ ಡ್ರೈವಿನಲ್ಲಿಟ್ಟು ಬ್ರೇಕು ಹಿಡಿದಾಗ ಆಸನಗಳೆಲ್ಲ ನಡುಗುತ್ತವೆ, ನ್ಯೂಟ್ರಲ್ಲಿಗೆ ತಂದರೆ ನಿಲ್ಲುತ್ತದೆ, ದೀಪವಿಲ್ಲ, ದೂರಿನ ಸಂಖ್ಯೆಯೂ ಇಲ್ಲ ಎಂದು ಬರೆದಿದ್ದಾರೆ. ಹೊಗೆಕೊಳವೆಯ ಹಿಂದೆ ನಿಂತು ಒಂದು ನಿಮಿಷ ಸದ್ದು ಕೇಳಿ. ತಾಳ ತಪ್ಪದೆ ಒಂದೇ ಸಮನೆ ಬರುತ್ತಿದ್ದರೆ ಅದು ಮಿಸ್ಸಿಂಗ್ ಆಗಿರಲಾರದು. ಎಂಜಿನ್ನನ್ನು ಹೊತ್ತಿರುವ ರಬ್ಬರಿನ ಮೌಂಟುಗಳು ಕುಸಿದು, ಎಂಜಿನ್ನಿನ ಸಹಜವಾದ ಅಲುಗಾಟವನ್ನೇ ನೇರವಾಗಿ ಗಾಡಿಯ ಮೈಗೆ ದಾಟಿಸುತ್ತಿವೆ. ಬ್ರೇಕು ಹಿಡಿದು ಮೇಸ್ತ್ರಿ ಡ್ರೈವಿಗೂ ರಿವರ್ಸಿಗೂ ಬದಲಾಯಿಸುವಾಗ, ತಾವು ಗಾಡಿಯ ಎದುರಿಗಲ್ಲ, ಪಕ್ಕದಲ್ಲಿ ದೂರ ನಿಂತು ತೆರೆದ ಬಾನೆಟ್ಟಿನೊಳಗೆ ನೋಡಿ. ಎಂಜಿನ್ನು ಒಂದು ಕಡೆಗೆ ಹೆಚ್ಚಾಗಿ ಎದ್ದು ಬಿದ್ದರೆ ಆ ಕಡೆಯ ಮೌಂಟನ್ನು ಮೊದಲು ತೆಗೆಸಿ ನೋಡಿಸಬೇಕು.